ಕತ್ತಲಿಗೆ ತಕ್ಕ ಕಿರೀಟ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ನಿಮ್ಮಲ್ಲಿ ಕೆಲವರ ಅಜ್ಜ-ಅಜ್ಜಿ ಈ ಊರುಗಳವರು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಈ ಐದೂ ತಾಲೂಕುಗಳಿವೆ. ಮಳೆ ಕಡಿಮೆ ಇರುವ ಸೀಮೆ. ಜೋಳ, ಶೇಂಗಾ ಬೆಳೆಯುತ್ತಾರೆ. ಸುಗ್ಗಿ ಮುಗಿದು ಕೈ ಬಿಡುವಾದಾಗ ಹಳ್ಳಿಗಳಲ್ಲಿ ಬಯಲಾಟ ಕಟ್ಟುತ್ತಾರೆ. ದೊಡ್ಡಾಟ ಅಂತಲೂ ಅದಕ್ಕೆ ಹೆಸರುಂಟು. ರಾತ್ರಿ ಊಟದ ಮೇಲೆ ಶುರುವಾದರೆ ಮಂಗಳ ಹಾಡುವ ಹೊತ್ತಿಗೆ ಬೆಳಕು ಹರಿದಿರುತ್ತದೆ.

ನಾಟಕದಲ್ಲಿ ನಮ್ಮ ಕಣ್ಣಿಗೆ ಬೀಳುವುದನ್ನೆಲ್ಲ ಯೋಚಿಸಿ ರೂಪಿಸುವವರನ್ನು ರಂಗವಿನ್ಯಾಸಕರು ಎನ್ನುತ್ತಾರೆ. ಪಟ್ಟಣದ ನಾಟಕಗಳಲ್ಲಿ ಅವರ ಹೆಸರು ಅಚ್ಚಾಗುತ್ತದೆ. ಬಯಲಾಟದಲ್ಲಿ ಈ ಕೆಲಸ ಊರಿನ ಬಡಿಗೇರ, ಚಿತ್ರಗಾರ, ಆಟ ಕಲಿಸುವ ಮೇಷ್ಟ್ರು, ಇವರಲ್ಲೆಲ್ಲ ಹಂಚಿಹೋಗಿತ್ತು. ಅವರಲ್ಲಿ ಹೆಚ್ಚಿನವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ನನಗೆ ಇದು ನಮ್ಮ ರಂಗಭೂಮಿಯ ದೊಡ್ಡ ನಷ್ಟ ಅನಿಸುತ್ತದೆ. ಆದರೆ ಅವರು ಹೇಗೆ ಯೋಚಿಸುತ್ತಿದ್ದರು ಅನ್ನೋದು ಅವರ ಕೈಕೆಲಸದಲ್ಲೇ ಉಳಿದಿದೆ.

ದುರ್ಯೋಧನನ ವೇಷವನ್ನೇ ನೋಡಿ. ತಲೆಗೆ ಎತ್ತರದ ಕಿರೀಟ, ಹೆಗಲ ಎರಡೂ ಕಡೆ ರೆಕ್ಕೆಯಂತೆ ಚಾಚಿದ ಭುಜಕೀರ್ತಿ, ಎದೆತುಂಬ ಎದೆಹಾರ, ನಡುವಿಗೆ ಪಟ್ಟಿ, ಕಾಲಿಗೆ ಗೆಜ್ಜೆ. ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಕೆತ್ತುತ್ತಾರೆ. ಯಾಕೆ ಹಗುರ? ಪಾತ್ರಧಾರಿ ಅದನ್ನು ಹೊತ್ತು ಕುಣಿಯಬೇಕು, ಅಟ್ಟದ, ಅಂದರೆ ಎತ್ತರಿಸಿ ಕಟ್ಟಿದ ರಂಗದ, ಹಲಗೆ ಸದ್ದಾಗುವಂತೆ ಹೆಜ್ಜೆ ಹಾಕಬೇಕು, ನಡುನಡುವೆ ಉಸಿರು ಬಿಗಿಹಿಡಿದು ಮಾತೂ ಆಡಬೇಕು. ಮರದ ಮೇಲೆ ಬೇಗಡೆ ಅಂಟಿಸುತ್ತಾರೆ; ಚಾಕೊಲೇಟಿಗೆ ಸುತ್ತಿರುತ್ತದಲ್ಲ, ಅಂಥ ಹೊಳೆಯುವ ಹಾಳೆ. ನಡುವೆ ಕನ್ನಡಿ ಚೂರುಗಳನ್ನು ಕೂರಿಸುತ್ತಾರೆ.

ಹಗಲಲ್ಲಿ, ಹತ್ತಿರದಿಂದ ನೋಡಿದರೆ ಇದೆಲ್ಲ ಸ್ವಲ್ಪ ಅತಿಯಾಯಿತು ಅನಿಸಬಹುದು. ಅದು ಹಗಲಿಗೆ ಮಾಡಿದ್ದೇ ಅಲ್ಲ. ಕರೆಂಟು ಬರುವ ಮುಂಚೆ ಆಟಕ್ಕೆ ಪಂಜಿನ ಬೆಳಕು, ಆಮೇಲೆ ಗ್ಯಾಸ್‌ಲೈಟು. ಆ ಮಂದ ಬೆಳಕಿನಲ್ಲಿ ಪಾತ್ರಧಾರಿ ತಲೆ ಅಲ್ಲಾಡಿಸಿದರೆ ಸಾಕು, ಕನ್ನಡಿ ಚೂರುಗಳು ಮಿಂಚಿ, ಬಯಲಿನ ಕಟ್ಟಕಡೆಗೆ ಚಾಪೆ ಹಾಸಿ ಕೂತ ಮುದುಕಿಗೂ ರಾಜ ಬಂದನೆಂದು ತಿಳಿಯಬೇಕು. ಮುಖದ ಬಣ್ಣಕ್ಕೂ ಇದೇ ಲೆಕ್ಕ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು. ರಾಕ್ಷಸನ ಹುಬ್ಬು, ಮೀಸೆ ದಪ್ಪವಾದಷ್ಟೂ ಅವನ ಸಿಟ್ಟು ದೂರದವರೆಗೆ ಕಾಣುತ್ತದೆ.

ಇನ್ನು ಅರಮನೆ, ಕಾಡು? ಅವು ಯಾವುವೂ ಅಟ್ಟದ ಮೇಲೆ ಇರುವುದಿಲ್ಲ. ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿಯುತ್ತಾರೆ, ಅದರ ಹಿಂದೆ ಗೆಜ್ಜೆ ಸದ್ದು. ಬಟ್ಟೆ ಸರಿದಾಗ ಪಾತ್ರ ನಿಂತಿರುತ್ತದೆ. ನೀವು ಯಾರು, ಎಲ್ಲಿಂದ ಬಂದಿರಿ ಎಂದು ಆಟ ನಡೆಸಿಕೊಡುವ ಸಾರಥಿ ಕೇಳುತ್ತಾನೆ. ರಾಜ ತನ್ನ ಊರು, ಕುಲ, ಪರಾಕ್ರಮ ಹೇಳುತ್ತ ಹೇಳುತ್ತ ನೋಡುವವರ ಮನಸ್ಸಿನಲ್ಲೇ ಅರಮನೆ ಎದ್ದು ನಿಲ್ಲುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಲೋಕ ಕಟ್ಟುವ ಧೈರ್ಯ ನನಗೆ ಬಹಳ ಇಷ್ಟ. ಪಟ್ಟಣದ ರಂಗಕರ್ಮಿಗಳನ್ನೂ ಇದು ಸೆಳೆಯಿತು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಬಯಲಾಟದ ರೀತಿಯನ್ನೇ ಹಿಡಿದು ಬಂದ ನಾಟಕ; 1972ರಲ್ಲಿ ಬಿ. ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಬಯಲು ರಂಗದ ಮೇಲೆ ಆಡಿಸಿದರು.

ಈ ಸೀಮೆಗೆ ಇನ್ನೊಂದು ಬಗೆಯ ನಾಟಕದ ಹುಚ್ಚೂ ಇದೆ. ಊರೂರು ತಿರುಗುವ ವೃತ್ತಿ ತಂಡಗಳ ಕಂಪನಿ ನಾಟಕಗಳನ್ನು ನೋಡಿದ ಹಳ್ಳಿಯ ಹುಡುಗರು ತಾವೂ ಹಾರ್ಮೋನಿಯಂ ಮಾಸ್ತರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಜಾತ್ರೆಗೆ ನಾಟಕ ಆಡುತ್ತಾರೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಇವರ ಅಚ್ಚುಮೆಚ್ಚಿನದು. ಇದಕ್ಕೆ ರಂಗಸಜ್ಜಿಕೆ ಬಾಡಿಗೆಗೆ ಬರುತ್ತದೆ. ಜನ ಅದನ್ನು ‘ಡ್ರಾಮಾ ಸೀನ್ಸ್’ ಎನ್ನುತ್ತಾರೆ. ಕಂಬ, ಹಲಗೆ, ತಗಡು, ಪಕ್ಕದ ವಿಂಗುಗಳು, ಮೇಲಿನ ಝಾಲರು, ಸುರುಳಿ ಸುತ್ತಿದ ಪರದೆಗಳು ಗಾಡಿಯಲ್ಲಿ ಬಂದಿಳಿಯುತ್ತವೆ. ಕತ್ತಲಾಗುವುದರೊಳಗೆ ಬರೀ ಬಯಲಿನಲ್ಲಿ ಒಂದು ರಂಗಮಂದಿರ ನಿಂತಿರಬೇಕು. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಮುಂದಿನ ಬೀದಿ ಪರದೆ ಇಳಿಬಿಟ್ಟು ಹಾಸ್ಯದ ದೃಶ್ಯ ಆಡಿಸುವಾಗ ಹಿಂದೆ ಸದ್ದಿಲ್ಲದೆ ಸಿಂಹಾಸನ ಇಡುತ್ತಾರೆ. ನಾಟಕ ಎಲ್ಲೂ ನಿಲ್ಲುವುದಿಲ್ಲ.

ಹೂವಿನಹಡಗಲಿಯಲ್ಲಿ ಎಂ. ಪಿ. ಪ್ರಕಾಶ್ (1940–2011) ‘ರಂಗಭಾರತಿ’ ಕಟ್ಟಿ ಹವ್ಯಾಸಿ ರಂಗಭೂಮಿಯನ್ನು ಬೆಳೆಸಿದರು. ಅವರು ಮುಂದೆ ಕರ್ನಾಟಕದ ಉಪಮುಖ್ಯಮಂತ್ರಿಯೂ ಆದರು. ನಾಟಕವನ್ನು ಅಷ್ಟು ಪ್ರೀತಿಸುವ ನೆಲ ಅದು.

ಈ ರಜೆಯಲ್ಲಿ ಒಂದು ಕೆಲಸ ಮಾಡಿ. ರಟ್ಟಿನಲ್ಲಿ ಕಿರೀಟ, ಭುಜಕೀರ್ತಿ ಕತ್ತರಿಸಿ. ಹೊಳೆಯುವ ಹಾಳೆ ಅಂಟಿಸಿ, ಚೂಪಾದ ಗಾಜು ಬೇಡ, ಕನ್ನಡಿ ಬಟ್ಟೆಯ ಬಿಲ್ಲೆ ಸಾಕು. ಆಮೇಲೆ ಮನೆಯ ದೀಪಗಳನ್ನೆಲ್ಲ ಆರಿಸಿ, ಒಂದೇ ಟಾರ್ಚು ಹಚ್ಚಿ, ತಮ್ಮನಿಗೋ ತಂಗಿಗೋ ವೇಷ ತೊಡಿಸಿ ಕುಣಿಸಿ. ನೀವು ಕೋಣೆಯ ಆ ತುದಿಯಲ್ಲಿ ಕೂತು ನೋಡಿ. ಏನು ಕಂಡಿತು, ಏನು ಕಾಣಲಿಲ್ಲ, ಎಲ್ಲಿ ಇನ್ನಷ್ಟು ಹೊಳಪು ಬೇಕು ಎಂದು ಬರೆದು, ಚಿತ್ರದ ಜತೆ ನಮ್ಮ ಸಂಚಿಕೆಗೆ ಕಳಿಸಿ. ನಿಮ್ಮ ಹೆಸರಿನ ಸಮೇತ ಅಚ್ಚು ಹಾಕುತ್ತೇವೆ.