ಪಿತಾಮಹ ನೋವ

ಲೆಮೆಕನ ಮಗನಾದ ನೋವನ ಚರಿತ್ರೆ ಆದಿಕಾಂಡದಲ್ಲಿದೆ. ಹಿಂಸಾಚಾರ ತುಂಬಿದ ಲೋಕದಲ್ಲಿ ಆತನು ದೇವರೊಡನೆ ನಡೆದನು. ದೈವಾಜ್ಞೆಯಂತೆ 300 ಮೊಳ ಉದ್ದದ ನಾವೆಯನ್ನು ಕಟ್ಟಿದನು. ಪ್ರಳಯದ ವೃತ್ತಾಂತದಲ್ಲೆಲ್ಲೂ ಆತನಾಡಿದ ಒಂದು ಮಾತೂ ಇಲ್ಲ. ವಿಧೇಯತೆ ಮಾತ್ರ ಇದೆ.

600ನೆಯ ವಯಸ್ಸಿನಲ್ಲಿ ಆತನು ನಾವೆಯನ್ನು ಹೊಕ್ಕಾಗ ಬಾಗಿಲನ್ನು ಮುಚ್ಚಿದವರು ಸ್ವತಃ ದೇವರು. 40 ದಿನ ಮಳೆ ಸುರಿಯಿತು. 150 ದಿನ ಜಲರಾಶಿ ಭೂಮಿಯನ್ನು ಆವರಿಸಿತ್ತು. ಪಾರಿವಾಳವು ಓಲಿವ್ ಎಲೆಯನ್ನು ತಂದರೂ, ನೆಲ ಒಣಗಿದ್ದನ್ನು ಕಣ್ಣಾರೆ ಕಂಡರೂ, ದೇವರ ಅಪ್ಪಣೆಯಾಗುವವರೆಗೆ ಆತನು ಹೊರಬರಲಿಲ್ಲ. ಬಂದೊಡನೆ ಬಲಿಪೀಠವನ್ನು ಕಟ್ಟಿದನು.

ಅಂತಹ ನೀತಿವಂತನೂ ಮುಂದೆ ದ್ರಾಕ್ಷಾರಸದಿಂದ ಮತ್ತನಾದನು. 950 ವರ್ಷ ಬಾಳಿ ಮೃತನಾದನು.

ನಾವೆಯಲ್ಲಿ ಉಳಿದ ಎಂಟು ಮಂದಿಯ ರಕ್ಷಣೆಯಲ್ಲಿ ಸಂತ ಪೇತ್ರರು ಜ್ಞಾನಸ್ನಾನದ ಮುನ್ಸೂಚನೆಯನ್ನು ಕಂಡರು. ಪ್ರಿಯ ಭಕ್ತಾದಿಗಳೇ, ಜ್ಞಾನಸ್ನಾನ ಹೊಂದಿದೆವೆಂದು ನಾವು ಮೈಮರೆಯದಿರೋಣ. ಪ್ರಳಯವನ್ನು ದಾಟಿದವನೂ ದಡದಲ್ಲಿ ಎಡವಿದನು; ನಮಗೆ ದಿನದಿನವೂ ದೇವರ ಕೃಪೆ ಬೇಕು.