ಅಕ್ಕಿ ಸಿಗದ ಕಾಲದಲ್ಲಿ ರವೆ ಇಡ್ಲಿ: ಯಜ್ಞನಾರಾಯಣ ಮಯ್ಯರ ಬದುಕು ಮತ್ತು ಅಡುಗೆ ಸೋಡಾದ ಅಸಲಿ ಕಥೆ

ರಾತ್ರಿ ಅಕ್ಕಿ-ಉದ್ದು ನೆನೆಹಾಕಿಲ್ಲ. ಬೆಳಿಗ್ಗೆ ಮಕ್ಕಳು ಮೈಸೂರು ಬಸ್ಸು ಹಿಡಿಯಬೇಕು, ದೊಡ್ಡವರು ಬಿಸಿಲೇರುವ ಮೊದಲೇ ಚೆಂಡು ಹೂ ಬಿಡಿಸಲು ಹೊಲಕ್ಕೆ ಹೋಗಬೇಕು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ದಿನ ಕೈಹಿಡಿಯುವುದು ಡಬ್ಬಿಯಲ್ಲಿರುವ ರವೆ ಮತ್ತು ಹಿಂದಿನ ದಿನ ಉಳಿದ ಹುಳಿ ಮೊಸರು. ಅರ್ಧ ಗಂಟೆಯಲ್ಲಿ ಬಿಸಿ ಬಿಸಿ ರವೆ ಇಡ್ಲಿ ತಟ್ಟೆಗೆ ಬರುತ್ತದೆ.

ಇದೇ ರವೆ ಇಡ್ಲಿ ಬಗ್ಗೆ ವಾಟ್ಸಾಪ್‌ನಲ್ಲಿ ತರಹೇವಾರಿ ಸಂದೇಶಗಳು ಓಡಾಡುತ್ತವೆ. ಸೋಡಾ ಹಾಕಿದ ಇಡ್ಲಿ ಮೂಳೆ ತಿನ್ನುತ್ತದೆ ಎಂದು ಒಂದು ಸಂದೇಶ. ಅಕ್ಕಿ ಇಲ್ಲದ್ದರಿಂದ ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದು ಎಂದು ಇನ್ನೊಂದು. ಯುದ್ಧದ ಸಮಯದಲ್ಲೇ ಎಂಟಿಆರ್‌ನವರು ಇಡ್ಲಿ ಮಿಕ್ಸ್ ಪ್ಯಾಕೆಟ್ ಕಂಡುಹಿಡಿದರು ಎಂದು ಮತ್ತೊಂದು. ಇವುಗಳಲ್ಲಿ ನಿಜವೆಷ್ಟು ಎಂದು ತಿಳಿಯಲು ಈ ತಿಂಡಿಯ ಜೊತೆ ಹೆಸರು ಬೆಸೆದುಕೊಂಡಿರುವ ಯಜ್ಞನಾರಾಯಣ ಮಯ್ಯರ ಬದುಕಿನಿಂದಲೇ ಶುರು ಮಾಡೋಣ.

ಪಾರಂಪಳ್ಳಿಯಿಂದ ಲಾಲ್‌ಬಾಗ್‌ವರೆಗೆ

ಮಯ್ಯರು ಉಡುಪಿ ಕಡೆಯ ಪಾರಂಪಳ್ಳಿಯವರು. ಕೈಯಲ್ಲಿದ್ದ ವಿದ್ಯೆ ಅಡುಗೆ. 1920ರ ಸುಮಾರಿಗೆ ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ ಮತ್ತು ಯಜ್ಞನಾರಾಯಣ ಮಯ್ಯ, ಈ ಅಣ್ಣತಮ್ಮಂದಿರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಮೊದಲು ಉಳ್ಳವರ ಮನೆಗಳಲ್ಲಿ ಅಡುಗೆ ಮಾಡಿದರು. 1924ರಲ್ಲಿ ಲಾಲ್‌ಬಾಗ್ ಹತ್ತಿರ ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಪುಟ್ಟ ಹೋಟೆಲು ತೆರೆದರು. ಕಾಫಿ ಮತ್ತು ಇಡ್ಲಿಗೆ ಹೆಸರಾದ ಆ ಜಾಗವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು.

ಆಗ ಇಡ್ಲಿ ಅಂದರೆ ಅಕ್ಕಿ ಮತ್ತು ಉದ್ದಿನ ಇಡ್ಲಿಯೇ. ನೆನೆಸಿ, ರುಬ್ಬಿ, ರಾತ್ರಿಯಿಡೀ ಹುಳಿ ಬರಲು ಬಿಟ್ಟು ಬೆಳಿಗ್ಗೆ ಬೇಯಿಸಬೇಕು. ದಿನವೂ ಹೋಟೆಲು ನಡೆಯಬೇಕಾದರೆ ದಿನವೂ ಅಕ್ಕಿ ಬರಲೇಬೇಕು.

ಬರ್ಮಾದಲ್ಲಿ ಯುದ್ಧ, ಬೆಂಗಳೂರಲ್ಲಿ ಅಕ್ಕಿಗೆ ಬರ

ಎರಡನೇ ಮಹಾಯುದ್ಧ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಆ ಕಾಲದಲ್ಲಿ ಭಾರತಕ್ಕೆ ಬರ್ಮಾದಿಂದ ಅಕ್ಕಿ ಬರುತ್ತಿತ್ತು. 1942ರ ಮಾರ್ಚ್‌ನಲ್ಲಿ ಜಪಾನಿನ ಸೇನೆ ರಂಗೂನ್ ಹಿಡಿದ ಮೇಲೆ ಆ ದಾರಿ ಮುಚ್ಚಿತು. ಸಾಗಾಟ ಕಷ್ಟವಾಯಿತು, ಬೆಲೆ ಏರಿತು, ಅನ್ನವೇ ಮುಖ್ಯವಾಗಿದ್ದ ದಕ್ಷಿಣದ ಊರುಗಳಿಗೆ ಅಕ್ಕಿ ಸಾಲದಾಯಿತು.

ಅಕ್ಕಿಯ ಬದಲು ಗೋಧಿ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ತಮ್ಮ ಅಡುಗೆಮನೆಯಲ್ಲಿ ನಡೆದದ್ದು ಈ ಅಭಾವದ ದಿನಗಳಲ್ಲಿ ಎಂಬುದು ಎಂಟಿಆರ್ ಹೇಳಿಕೊಂಡು ಬಂದಿರುವ ಇತಿಹಾಸ. ಮನೆಗಳಲ್ಲಿ ಉಪ್ಪಿಟ್ಟು, ಸಜ್ಜಿಗೆಗೆ ಬಳಸುತ್ತಿದ್ದ ರವೆಯೇ ಇಲ್ಲಿ ಇಡ್ಲಿ ತಟ್ಟೆಗೆ ಬಂತು.

ಇಡ್ಲಿಯ ಸಾಮಗ್ರಿ ಬದಲಾಗಿದ್ದು ಅದೇ ಮೊದಲೇನಲ್ಲ. ಸುಮಾರು ಸಾವಿರ ವರ್ಷ ಹಿಂದಿನ ಕನ್ನಡದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಬರುವ ಇಡ್ಡರಿಕೆ ಉದ್ದಿನಿಂದ ಮಾಡುವಂಥದ್ದು, ಅದರಲ್ಲಿ ಅಕ್ಕಿಯ ಮಾತೇ ಇಲ್ಲ. ಹಾಗಾಗಿ ರವೆಯದ್ದು ಅಸಲಿ ಇಡ್ಲಿಯೇ ಅಲ್ಲ ಎಂಬ ವಾದಕ್ಕೆ ಹೆಚ್ಚು ಬಲವಿಲ್ಲ.

ಹುಳಿ ಬರಿಸದೆ ಉಬ್ಬುವುದು ಹೇಗೆ?

ಅಕ್ಕಿ-ಉದ್ದಿನ ಹಿಟ್ಟಿನಲ್ಲಿ ರಾತ್ರಿಯಿಡೀ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತವೆ. ಅವು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ.

ರವೆ ಇಡ್ಲಿಗೆ ಅಷ್ಟು ಹೊತ್ತು ಕಾಯಬೇಕಿಲ್ಲ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಮೊದಲೇ ತಯಾರಾಗಿರುತ್ತದೆ. ಅದಕ್ಕೆ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್ ಸೇರಿದ ಕೂಡಲೇ ಅದೇ ಅನಿಲ ಹುಟ್ಟುತ್ತದೆ. ರಾತ್ರಿಯಿಡೀ ಆಗಬೇಕಾದ ಉಬ್ಬುವ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಅಡುಗೆ ಬಲ್ಲವರು ಹೇಳುವ ಮೂರು ಕಿವಿಮಾತುಗಳಿಗೂ ಕಾರಣ ಇದೆ:

- ರವೆಯನ್ನು ತುಪ್ಪ ಅಥವಾ ಎಣ್ಣೆಯಲ್ಲಿ ಹುರಿದರೆ ಗಂಟು ಕಟ್ಟುವುದಿಲ್ಲ, ಅಂಟಂಟಾಗುವುದಿಲ್ಲ.
- ಮೊಸರು ಸೇರಿಸಿ 15-20 ನಿಮಿಷ ಬಿಟ್ಟರೆ ರವೆ ನೀರು ಹೀರಿ ಮೆತ್ತಗಾಗುತ್ತದೆ.
- ಸೋಡಾವನ್ನು ಕೊನೆಯಲ್ಲೇ ಹಾಕಬೇಕು. ಮೊದಲೇ ಹಾಕಿಟ್ಟರೆ ಅನಿಲ ಹೊರಟುಹೋಗಿ ಇಡ್ಲಿ ಗಟ್ಟಿಯಾಗುತ್ತದೆ.

ಸೋಡಾ ಹೆಚ್ಚಾಗಿ ಹುಳಿ ಸಾಲದಿದ್ದರೆ ಇಡ್ಲಿ ಹಳದಿಯಾಗಿ ಸೋಪಿನ ರುಚಿ ಬರುತ್ತದೆ. ಹುಳಿ ಸಿಗದೆ ಉಳಿದ ಸೋಡಾ ಬೇಯುವಾಗ ಸೋಡಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ.

ಸೋಡಾ ಮೂಳೆ ತಿನ್ನುತ್ತದೆಯೇ?

ಇಲ್ಲ. ಅಡುಗೆಗೆ ಬಳಸುವ ಪ್ರಮಾಣದಲ್ಲಿ ಹಾಗಾಗುವುದಿಲ್ಲ. ಅಡುಗೆ ಸೋಡಾ ಮತ್ತು ಬಟ್ಟೆ ಸೋಡಾ ಬೇರೆ ಬೇರೆ ವಸ್ತುಗಳು. ಬಟ್ಟೆ ಸೋಡಾದ ಕ್ಷಾರ ಬಹಳ ಕಟುವಾದದ್ದು, ಅದನ್ನು ಅಡುಗೆಗೆ ಬಳಸಲೇಬಾರದು.

ಆದರೆ ಲೆಕ್ಕ ಇಡಬೇಕಾದ ಸಂಗತಿ ಒಂದಿದೆ, ಅದು ಸೋಡಿಯಂ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಯಸ್ಕರಿಗೆ ಇಡೀ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ವರಿಗೆ ಮಾಡುವ ಹಿಟ್ಟಿಗೆ ಕಾಲು ಚಮಚ ಸೋಡಾ ಸಾಕು. ತಲೆಗೆ ಸುಮಾರು 80 ಮಿಲಿಗ್ರಾಂ ಆಯಿತು. ಅದಕ್ಕಿಂತ ಹೆಚ್ಚು ಸೋಡಿಯಂ ಹಿಟ್ಟಿಗೂ ಚಟ್ನಿಗೂ ಹಾಕುವ ಉಪ್ಪಿನಿಂದ ಬರುತ್ತದೆ. ಬಿಪಿ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು, ವೈದ್ಯರನ್ನು ಕೇಳಬೇಕು. ಸೋಡಾ ಬದಲು ಫ್ರೂಟ್ ಸಾಲ್ಟ್ ಹಾಕಿದರೂ ಸೋಡಿಯಂ ತಪ್ಪುವುದಿಲ್ಲ.

ಅಕ್ಕಿ ಇಲ್ಲ ಅಂದರೆ ಸಕ್ಕರೆ ಏರುವುದಿಲ್ಲವೇ?

ಏರುತ್ತದೆ. 100 ಗ್ರಾಂ ರವೆಯಲ್ಲಿ 70 ಗ್ರಾಂಗಿಂತ ಹೆಚ್ಚು ಕಾರ್ಬೊಹೈಡ್ರೇಟ್ ಇದೆ, ಅಕ್ಕಿಯಲ್ಲಿ ಅದಕ್ಕಿಂತ ತುಸು ಜಾಸ್ತಿ ಅಷ್ಟೇ. ಸಕ್ಕರೆ ಕಾಯಿಲೆ ಇರುವವರಿಗೆ ರವೆ ಇಡ್ಲಿಯಲ್ಲೂ ಮಿತಿ ಬೇಕು.

ಫಾರ್ವರ್ಡ್‌ಗಳು ಹೇಳದೇ ಬಿಡುವ ಇನ್ನೊಂದು ಮಾತಿದೆ. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ರವೆ ಇಡ್ಲಿ ತಿನ್ನುವಂತಿಲ್ಲ. ಅವರಿಗೆ ಅಕ್ಕಿ-ಉದ್ದಿನ ಇಡ್ಲಿಯೇ ಸರಿ.

ರವೆ ಇಡ್ಲಿಯಲ್ಲಿ ಉದ್ದಿನ ಬೇಳೆಯ ಪ್ರೋಟೀನ್ ಇರುವುದಿಲ್ಲ, ರಾತ್ರಿ ಹುಳಿ ಬಂದಾಗ ಹೆಚ್ಚುವ ಕೆಲವು ಬಿ ವಿಟಮಿನ್‌ಗಳೂ ಸಿಗುವುದಿಲ್ಲ. ಒಗ್ಗರಣೆಗೆ ಕಡಲೆಬೇಳೆ, ಹಿಟ್ಟಿಗೆ ಕ್ಯಾರೆಟ್ ತುರಿ, ಜೊತೆಗೆ ತರಕಾರಿ ಸಾಗು ಅಥವಾ ಬೇಳೆ ಸಾಂಬಾರು ಇದ್ದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ರಾಗಿ ಬೆಳೆಯುವ ನಮ್ಮ ಕಡೆ ಇನ್ನೊಂದು ಸುಲಭ ದಾರಿಯಿದೆ: ಅರ್ಧ ರವೆ, ಅರ್ಧ ರಾಗಿ ಹಿಟ್ಟು. ಅದೇ ಮೊಸರು, ಅದೇ ಸೋಡಾ. ಬಣ್ಣ ಕಪ್ಪಾದರೂ ಕ್ಯಾಲ್ಸಿಯಂ ಮತ್ತು ನಾರಿನಂಶ ಹೆಚ್ಚು.

ಅಡುಗೆಮನೆಯ ಶುಚಿ

ಮಯ್ಯರ ಕೆಲಸ ರವೆ ಇಡ್ಲಿಗೇ ನಿಲ್ಲಲಿಲ್ಲ. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ರೀತಿ ನೋಡಿ ಬಂದರು. ಅಲ್ಲಿನ ಸ್ವಚ್ಛತೆ, ಶಿಸ್ತು ಅವರ ಮನಸ್ಸಿಗೆ ಹಿಡಿಸಿತು. ಮರಳಿ ಬಂದ ಮೇಲೆ ತಮ್ಮ ಹೋಟೆಲಿನಲ್ಲಿ ಲೋಟ, ತಟ್ಟೆ, ಚಮಚಗಳನ್ನು ಬಿಸಿಯಿಂದ ಕ್ರಿಮಿಮುಕ್ತ ಮಾಡುವ ಪದ್ಧತಿ ತಂದರು. ಆಹಾರ, ಆರೋಗ್ಯದ ಬಗ್ಗೆ ಪುಸ್ತಿಕೆಗಳನ್ನೂ ಗಿರಾಕಿಗಳಿಗೆ ಹಂಚಿದರು. 1960ರಲ್ಲಿ ಹೋಟೆಲು ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಪಡೆಯಿತು. 1968ರಲ್ಲಿ ಮಯ್ಯರು ತೀರಿಕೊಂಡರು.

ಶುಚಿಯ ಆ ಪಾಠ ಮನೆಯಲ್ಲಿ ಉಳಿಯುವ ತಿಂಡಿಗೂ ಅನ್ವಯಿಸುತ್ತದೆ. ಉಳಿದ ಇಡ್ಲಿಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮತ್ತೆ ಬಿಸಿ ಮಾಡುವಾಗ ಒಳಗಿನ ತನಕ ಹಬೆಯಾಡುವಷ್ಟು ಕಾಯಿಸಿ. ಅನ್ನ, ರವೆಯಂಥ ಪದಾರ್ಥಗಳಲ್ಲಿ ಬೆಂದ ಮೇಲೂ ಬದುಕುಳಿಯುವ ಬ್ಯಾಕ್ಟೀರಿಯಾ ಬೀಜಾಣುಗಳು ಇರಬಹುದು. ಬಿಸಿಲುಕಾಲದಲ್ಲಿ ಹೊರಗಿಟ್ಟರೆ ಅವು ಬೇಗ ಬೆಳೆಯುತ್ತವೆ. ಫ್ರಿಜ್ ಇಲ್ಲದ ಮನೆಯಲ್ಲಿ ಆ ಹೊತ್ತಿಗೆ ಬೇಕಾದಷ್ಟೇ ಮಾಡುವುದು ಒಳ್ಳೆಯದು. ಫ್ರಿಜ್‌ನಲ್ಲಿಟ್ಟ ಇಡ್ಲಿಯನ್ನು ಪುಡಿ ಮಾಡಿ ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿದರೆ ಹತ್ತು ನಿಮಿಷದಲ್ಲಿ ಇಡ್ಲಿ ಉಪ್ಪಿಟ್ಟು ರೆಡಿ.

ಹಾಗಾದರೆ ಪ್ಯಾಕೆಟ್ ಯಾವಾಗ ಬಂತು?

ಸಿದ್ಧ ಮಿಕ್ಸ್‌ಗಳಿಗೂ ಯುದ್ಧಕ್ಕೂ ಸಂಬಂಧವಿಲ್ಲ. ಅವು ಮಾರುಕಟ್ಟೆಗೆ ಬಂದದ್ದು 1970ರ ದಶಕದ ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಮಯ್ಯರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಆಗ ಹೋಟೆಲು ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿದ್ದರಿಂದ ಹೋಟೆಲು ನಡೆಸುವುದು ಕಷ್ಟವಾಗಿ, ಮನೆಯವರು ಮಿಕ್ಸ್ ಮಾರಾಟಕ್ಕೆ ಇಳಿದರು. ಪ್ಯಾಕೆಟ್ ಆಹಾರದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಾತ್ರ ಮಯ್ಯ ಕುಟುಂಬದವರ ಕೈಯಲ್ಲೇ ಉಳಿಯಿತು. ಹೆಸರು ಒಂದೇ ಆದರೂ ಹೋಟೆಲು, ಕಂಪನಿ ಬೇರೆ ಬೇರೆ.

ಪ್ಯಾಕೆಟ್ ಕೊಂಡರೆ ಹಿಂಬದಿಯ ಸೋಡಿಯಂ ಅಂಕಿ ನೋಡಿ. ಮನೆಯಲ್ಲೇ ಮಾಡಿದರೆ ಸೋಡಾ, ಉಪ್ಪು ಎಷ್ಟು ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಒಟ್ಟಿನಲ್ಲಿ

ಅಡುಗೆ ಸೋಡಾ ಮೂಳೆ ತಿನ್ನುತ್ತದೆ ಎಂಬುದು ಸುಳ್ಳು. ಸಕ್ಕರೆ ಕಾಯಿಲೆಯವರು ರವೆ ಇಡ್ಲಿಯನ್ನು ಮನಸ್ಸು ಬಂದಷ್ಟು ತಿನ್ನಬಹುದು ಎಂಬುದೂ ಸುಳ್ಳು. ಮಿಕ್ಸ್ ಪ್ಯಾಕೆಟ್ ಯುದ್ಧಕಾಲದ್ದು ಎಂಬುದು ತಪ್ಪು ಮಾಹಿತಿ. ಯುದ್ಧಕಾಲದ್ದು ಎಂದು ಎಂಟಿಆರ್ ಹೇಳುವುದು ರವೆ ಇಡ್ಲಿಯನ್ನು. ಡಬ್ಬಿಯಲ್ಲಿ ಇರುವುದರಲ್ಲೇ ಬೇಗ ಮಾಡಿದ ತಿಂಡಿ ಕೀಳಲ್ಲ. ಅದರಲ್ಲಿ ಏನಿದೆ, ಏನಿಲ್ಲ ಎಂದು ತಿಳಿದು, ಇಲ್ಲದ್ದನ್ನು ಪಕ್ಕದ ಬಟ್ಟಲಲ್ಲಿ ಬಡಿಸಿದರೆ ಸಾಕು.