ರಜೆಯ ಪಟ್ಟಿಯ ಹಿಂದೆ ಒಬ್ಬ ನಕ್ಷತ್ರ ವಿಜ್ಞಾನಿ

ಮಕ್ಕಳೇ, ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ಕೂಡಲೇ ನೀವು ಮೊದಲು ಏನನ್ನು ಹುಡುಕುತ್ತೀರಿ? ಕೆಂಪು ಬಣ್ಣದ ಅಂಕಿಗಳನ್ನು ತಾನೇ? ಈಗಂತೂ ಮೊಬೈಲ್ ಫೋನಿನಲ್ಲೂ ಕ್ಯಾಲೆಂಡರ್ ಇರುತ್ತದೆ. ಬೆರಳಿನಿಂದ ಸರಿಸಿದರೆ ಮುಂದಿನ ತಿಂಗಳ ರಜೆಗಳು ಕಾಣುತ್ತವೆ. ಆದರೆ ಯಾವ ದಿನ ರಜೆ ಎಂದು ಆ ಫೋನಿಗೆ ಹೇಳಿಕೊಟ್ಟವರು ಯಾರು? ಎಂದಾದರೂ ಯೋಚಿಸಿದ್ದೀರಾ?

ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವ ಇವೆಲ್ಲ ಪ್ರತಿ ವರ್ಷವೂ ಅದೇ ತಾರೀಖಿಗೆ ಬರುತ್ತವೆ. ಇವನ್ನು ಕಂಪ್ಯೂಟರಿಗೆ ಒಮ್ಮೆ ಹೇಳಿದರೆ ಸಾಕು. ಆದರೆ ಯುಗಾದಿ, ಗಣೇಶ ಚತುರ್ಥಿ, ದೀಪಾವಳಿ ಹಾಗಲ್ಲ. ಅವು ಸೂರ್ಯ ಚಂದ್ರರ ಚಲನೆಯನ್ನು ಅನುಸರಿಸುತ್ತವೆ. ಇನ್ನು ರಂಜಾನ್ ಹಬ್ಬ ಚಂದ್ರದರ್ಶನವಾದ ಮೇಲೆಯೇ ಖಚಿತವಾಗುತ್ತದೆ. ಹಾಗಾಗಿ ಸರ್ಕಾರ ಪ್ರತಿ ವರ್ಷವೂ ರಜೆಗಳ ಪಟ್ಟಿ ಹೊರಡಿಸಬೇಕು. ಕ್ಯಾಲೆಂಡರ್ ತಂತ್ರಾಂಶವನ್ನು ನೋಡಿಕೊಳ್ಳುವವರು ಅದರಂತೆ ತಮ್ಮ ಮಾಹಿತಿಯನ್ನು ತಿದ್ದುತ್ತಲೇ ಇರಬೇಕು.

ಇದು ಅಷ್ಟು ಸುಲಭವಲ್ಲ. ಒಂದು ಉದಾಹರಣೆ ನೋಡಿ. ಉಡುಪಿ ಜಿಲ್ಲೆಯ ಕಾಪು ಸಮೀಪ ಇನ್ನಂಜೆ ಎಂಬ ಊರಿದೆ. ನೀವು ಆ ಊರಿನವರು ಎಂದುಕೊಳ್ಳಿ. 2025ರಲ್ಲಿ ನಾಡಿನ ಅನೇಕ ಕಡೆ ಕೃಷ್ಣ ಜನ್ಮಾಷ್ಟಮಿ ಆಗಸ್ಟ್ 16ರಂದು ನಡೆಯಿತು. ನಿಮ್ಮೂರಿಗೆ ಹತ್ತಿರದ ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಮಾತ್ರ ಅಷ್ಟಮಿ ನಡೆದದ್ದು ಸೆಪ್ಟೆಂಬರ್ 14ರಂದು, ವಿಟ್ಲಪಿಂಡಿ ಅದರ ಮರುದಿನ. ಒಂದೇ ಹಬ್ಬಕ್ಕೆ ಎರಡು ದಿನ! ಇದರಲ್ಲಿ ಯಾವುದು ಸರಿ? ಒಂದು ತಪ್ಪಾಗಿರಲೇಬೇಕೆ?

ಇಂಥ ಪ್ರಶ್ನೆಗಳನ್ನು ಇಡೀ ದೇಶದ ಪರವಾಗಿ ಎತ್ತಿಕೊಂಡ ವಿಜ್ಞಾನಿಯೊಬ್ಬರಿದ್ದರು. ಅವರೇ ಮೇಘನಾದ ಸಹಾ. ಅವರ ಕಥೆ ತಿಳಿಯೋಣ ಬನ್ನಿ.

ದಿನಸಿ ಅಂಗಡಿಯ ಹುಡುಗ

ಮೇಘನಾದ ಸಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಬಳಿಯ ಶಿಯೋರಾತಲಿ ಎಂಬ ಹಳ್ಳಿಯಲ್ಲಿ. ಆ ಜಾಗ ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಜಗನ್ನಾಥ ಸಹಾ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ತಾಯಿ ಭುವನೇಶ್ವರಿ ದೇವಿ. ಎಂಟು ಮಕ್ಕಳಲ್ಲಿ ಮೇಘನಾದ ಐದನೆಯವರು. ಪ್ರಾಥಮಿಕ ಶಾಲೆ ಮುಗಿದ ಮೇಲೆ ಮಗ ಅಂಗಡಿಯಲ್ಲಿ ಕೂರಲಿ ಎಂಬುದು ತಂದೆಯ ಆಸೆ. ಮುಂದೆ ಓದಬೇಕೆಂದರೆ ಸುಮಾರು ಹತ್ತು ಕಿಲೋಮೀಟರ್ ದೂರದ ಸಿಮುಲಿಯಾಕ್ಕೆ ಹೋಗಬೇಕಿತ್ತು.

ಆಗ ನೆರವಿಗೆ ಬಂದವರು ಅನಂತಕುಮಾರ ದಾಸ್ ಎಂಬ ವೈದ್ಯರು. ತಮ್ಮ ಮನೆಯಲ್ಲಿಯೇ ಹುಡುಗನಿಗೆ ಊಟ, ವಸತಿ ಕೊಟ್ಟರು. ಹುಡುಗ ತನ್ನ ತಟ್ಟೆ ತಾನೇ ತೊಳೆದುಕೊಳ್ಳಬೇಕು, ಮನೆಯ ದನವನ್ನು ನೋಡಿಕೊಳ್ಳಬೇಕು. ಈ ಕೆಲಸಗಳ ನಡುವೆಯೇ ಓದಿ, ಢಾಕಾ ಜಿಲ್ಲೆಗೇ ಮೊದಲಿಗನಾಗಿ ತೇರ್ಗಡೆಯಾದ. ವಿದ್ಯಾರ್ಥಿವೇತನವೂ ಸಿಕ್ಕಿತು.

1905ರಲ್ಲಿ ಢಾಕಾದ ಸರ್ಕಾರಿ ಶಾಲೆ ಸೇರಿದ. ಅದೇ ವರ್ಷ ಬ್ರಿಟಿಷರು ಬಂಗಾಳವನ್ನು ಇಬ್ಭಾಗ ಮಾಡಿದ್ದರು. ಊರೆಲ್ಲ ಪ್ರತಿಭಟನೆ. ಬ್ರಿಟಿಷ್ ಅಧಿಕಾರಿ ಶಾಲೆಗೆ ಬಂದಾಗ ನಡೆದ ಪ್ರತಿಭಟನೆಯಲ್ಲಿ ಮೇಘನಾದನೂ ಇದ್ದ. ಪರಿಣಾಮ ಏನಾಯಿತು ಗೊತ್ತೆ? ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಇನ್ನೊಂದು ಖಾಸಗಿ ಶಾಲೆ ಅವನನ್ನು ಸೇರಿಸಿಕೊಂಡಿತು. ಓದು ನಿಲ್ಲಲಿಲ್ಲ.

1911ರಲ್ಲಿ ಸಹಾ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅಲ್ಲಿನ ಗುರುಗಳು. ಸತ್ಯೇಂದ್ರನಾಥ ಬೋಸ್ ಸಹಪಾಠಿ. ಆದರೆ ವಿದ್ಯಾರ್ಥಿನಿಲಯದಲ್ಲಿ ನೋವಿನ ಅನುಭವ ಕಾದಿತ್ತು. ಅವರ ಜಾತಿಯ ಕಾರಣಕ್ಕೆ ಕೆಲವು ವಿದ್ಯಾರ್ಥಿಗಳು ಅವರೊಂದಿಗೆ ಕುಳಿತು ಊಟ ಮಾಡಲು ಒಪ್ಪಲಿಲ್ಲ. ಸರಸ್ವತಿ ಪೂಜೆಯ ದಿನ ಪೂಜೆಯ ಜಾಗಕ್ಕೆ ಬರದಂತೆ ತಡೆದರು. ವಿದ್ಯೆಯ ಹಬ್ಬದಂದು ಆ ನಿಲಯದ ಜಾಣ ಹುಡುಗನೊಬ್ಬ ಹೊರಗೆ ನಿಲ್ಲಬೇಕಾಯಿತು. ಮುಂದೆ ಇದೇ ಹುಡುಗ ದೇಶದ ಎಲ್ಲ ಜನರ ಹಬ್ಬಗಳ ಲೆಕ್ಕ ಹಾಕಲಿದ್ದ ಎಂಬುದನ್ನು ನೆನಪಿಡಿ.

ನಕ್ಷತ್ರಗಳ ಬಿಸಿ ಅಳೆದರು

ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಏಳು ಬಣ್ಣ ಕಾಣುತ್ತದೆ ಎಂದು ನೀವು ಓದಿದ್ದೀರಿ. ಉಪಕರಣದಿಂದ ಇನ್ನೂ ಸೂಕ್ಷ್ಮವಾಗಿ ನೋಡಿದರೆ ಆ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರಗಳ ಬೆಳಕಿನಲ್ಲೂ ಇಂಥ ಗೆರೆಗಳಿವೆ. ಆದರೆ ಒಂದು ನಕ್ಷತ್ರದಲ್ಲಿರುವ ಗೆರೆ ಇನ್ನೊಂದರಲ್ಲಿ ಇರುವುದಿಲ್ಲ. ಏಕೆ?

ಸಹಾ ಅವರು 1920ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬಿಸಿ ಹೆಚ್ಚಿದಂತೆ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಆಗ ಅವು ಉಂಟುಮಾಡುವ ಗೆರೆಗಳೂ ಬದಲಾಗುತ್ತವೆ. ಎಷ್ಟು ಬಿಸಿಗೆ, ಎಷ್ಟು ಒತ್ತಡದಲ್ಲಿ ಎಷ್ಟು ಪರಮಾಣುಗಳು ಹೀಗಾಗುತ್ತವೆ ಎಂಬುದಕ್ಕೆ ಅವರು ಒಂದು ಸಮೀಕರಣ ಬರೆದರು. ಅದೇ ಸಹಾ ಸಮೀಕರಣ. ಅದರಿಂದ ಭೂಮಿಯ ಮೇಲೆ ಕುಳಿತೇ ದೂರದ ನಕ್ಷತ್ರದ ಉಷ್ಣತೆ ತಿಳಿಯುವುದು ಸಾಧ್ಯವಾಯಿತು. ಇಂದಿಗೂ ಖಗೋಳ ವಿಜ್ಞಾನಿಗಳು ಅದನ್ನು ಬಳಸುತ್ತಾರೆ. 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಸಹಾ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಸಹಾ ಅವರಿಗೆ ವಿಜ್ಞಾನ ಪ್ರಯೋಗಶಾಲೆಯಲ್ಲಿ ಮಾತ್ರ ಇದ್ದರೆ ಸಾಲದು, ಜನರ ಬದುಕಿಗೆ ನೆರವಾಗಬೇಕು ಎಂಬ ನಂಬಿಕೆ. ಬಂಗಾಳದ ನೆರೆ ಹಾವಳಿಯನ್ನು ಕಂಡಿದ್ದ ಅವರು ನದಿಗಳ ಬಗ್ಗೆ ಬರೆದರು. ಪರಮಾಣು ವಿಜ್ಞಾನಕ್ಕೆ ಕಲ್ಕತ್ತೆಯಲ್ಲಿ ಸಂಸ್ಥೆ ಕಟ್ಟಿದರು. 1952ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೂ ಹೋದರು.

ದೇಶ ಒಂದು, ಪಂಚಾಂಗ ಮೂವತ್ತು

ಆಗಷ್ಟೇ ಸ್ವತಂತ್ರವಾಗಿದ್ದ ಭಾರತದಲ್ಲಿ ಹಬ್ಬಗಳ ದಿನ ಗೊತ್ತುಮಾಡಲು ಸುಮಾರು 30 ಬಗೆಯ ಪಂಚಾಂಗ ಪದ್ಧತಿಗಳಿದ್ದವು. ವರ್ಷದ ಆರಂಭವೂ ಬೇರೆ ಬೇರೆ. ನಮ್ಮ ರಾಜ್ಯದಲ್ಲೇ ನೋಡಿ. ಬಯಲುಸೀಮೆಯವರು ಚಾಂದ್ರಮಾನ ಯುಗಾದಿ ಆಚರಿಸಿದರೆ, ಕರಾವಳಿಯವರಿಗೆ ಏಪ್ರಿಲ್ ನಡುವೆ ಬರುವ ಬಿಸು ಹೊಸ ವರ್ಷ. ಅಂದಿಗೆ ತುಳುನಾಡಿನ ಪಗ್ಗು ತಿಂಗಳು ಶುರು.

1952ರ ನವೆಂಬರಿನಲ್ಲಿ ಸರ್ಕಾರ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಅಧ್ಯಕ್ಷರು ಮೇಘನಾದ ಸಹಾ. ಕಾರ್ಯದರ್ಶಿ ನಿರ್ಮಲಚಂದ್ರ ಲಾಹಿರಿ. ದೇಶಕ್ಕೆಲ್ಲ ಹೊಂದುವ, ಕರಾರುವಾಕ್ಕಾದ ಒಂದು ಕ್ಯಾಲೆಂಡರನ್ನು ಸೂಚಿಸುವುದು ಸಮಿತಿಯ ಕೆಲಸ. ಸಮಿತಿ ಮೊದಲು ಮಾಡಿದ್ದೇನು? ದೇಶದ ಮೂಲೆಮೂಲೆಗಳಿಂದ ಪಂಚಾಂಗಗಳನ್ನು ತರಿಸಿತು. 60 ಪಂಚಾಂಗಗಳು ಬಂದವು. ಅವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದರು.

ಆಗ ಒಂದು ದೊಡ್ಡ ತೊಡಕು ಎದುರಾಯಿತು. ಋತುಗಳು ಮರಳಿ ಬರಲು 365.2422 ದಿನ ಬೇಕು. ಆದರೆ ಅನೇಕ ಪಂಚಾಂಗಗಳು ಆಧರಿಸಿದ್ದ ಸೂರ್ಯಸಿದ್ಧಾಂತದ ವರ್ಷ 365.2588 ದಿನಗಳದು. ವ್ಯತ್ಯಾಸ ದಿನದ ನೂರನೇ ಎರಡು ಭಾಗಕ್ಕಿಂತಲೂ ಕಡಿಮೆ, ಸುಮಾರು 24 ನಿಮಿಷ. ಇದೇನು ಮಹಾ ಎನ್ನುತ್ತೀರಾ? 60 ವರ್ಷಕ್ಕೆ ಅದು ಒಂದು ದಿನವಾಗುತ್ತದೆ. 1400 ವರ್ಷಗಳಲ್ಲಿ 23 ದಿನ! ಅದಕ್ಕೇ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಹೊತ್ತಿಗಾದರೂ ನಾವು ಮಕರ ಸಂಕ್ರಾಂತಿ ಆಚರಿಸುವುದು ಜನವರಿ 14 ಅಥವಾ 15ಕ್ಕೆ. ಹೀಗೇ ಬಿಟ್ಟರೆ ಹಬ್ಬಗಳು ಮೆಲ್ಲಮೆಲ್ಲನೆ ತಮ್ಮ ಋತುಗಳಿಂದ ಜಾರಿಹೋಗುತ್ತವೆ.

ತಿಥಿಯದೂ ಇಂಥದೇ ಕಥೆ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸಾಗಲು ಹಿಡಿಯುವ ಕಾಲವೇ ಒಂದು ತಿಥಿ. ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ತಿಥಿ ಮುಗಿಯುವ ಸಮಯವನ್ನು ಕೆಲವು ನಿಮಿಷ ತಪ್ಪಾಗಿ ಲೆಕ್ಕಹಾಕಿದರೂ ಹಬ್ಬ ಒಂದು ದಿನ ಆಚೀಚೆ ಆಗಬಹುದು. ಆಗ ಒಂದು ಊರಿನಲ್ಲಿ ಕಚೇರಿಗೆ ಬೀಗ, ಪಕ್ಕದೂರಿನಲ್ಲಿ ಬಾಗಿಲು ತೆರೆದಿರುತ್ತದೆ.

ಲೆಕ್ಕ ಬೇರೆ, ಪದ್ಧತಿ ಬೇರೆ

ಸಮಿತಿ 1955ರಲ್ಲಿ ವರದಿ ಕೊಟ್ಟಿತು. ದೇಶಕ್ಕೆ ಶಕ ವರ್ಷದ ರಾಷ್ಟ್ರೀಯ ಕ್ಯಾಲೆಂಡರನ್ನು ಸೂಚಿಸಿತು. ಇದರಲ್ಲಿ ಚೈತ್ರ 1 ಎಂದರೆ ಮಾರ್ಚ್ 22, ಅಧಿಕ ವರ್ಷವಾದರೆ ಮಾರ್ಚ್ 21. ಅಂದರೆ ಹಗಲು ರಾತ್ರಿ ಸಮನಾಗುವ ದಿನದ ಆಸುಪಾಸಿನಲ್ಲಿ ಹೊಸ ವರ್ಷ. ವೈಶಾಖದಿಂದ ಭಾದ್ರಪದದವರೆಗೆ ತಿಂಗಳಿಗೆ 31 ದಿನ, ಉಳಿದವಕ್ಕೆ 30. ಅಧಿಕ ವರ್ಷದಲ್ಲಿ ಚೈತ್ರಕ್ಕೂ 31. ಬೇಸಿಗೆ ಮಳೆಗಾಲದ ತಿಂಗಳುಗಳೇ ಏಕೆ ಉದ್ದ? ಜುಲೈ ಹೊತ್ತಿಗೆ ಭೂಮಿ ಸೂರ್ಯನಿಂದ ಹೆಚ್ಚು ದೂರದಲ್ಲಿದ್ದು ನಿಧಾನವಾಗಿ ಚಲಿಸುತ್ತದೆ. ಕ್ಯಾಲೆಂಡರಿನಲ್ಲಿ ಆಕಾಶದ ನಡಿಗೆಯೇ ಇದೆ ನೋಡಿ.

ಹಬ್ಬಗಳ ವಿಷಯದಲ್ಲಿ ಸಮಿತಿ ಏನು ಮಾಡಿತು? ಒಮ್ಮೆಲೇ 23 ದಿನ ಹಿಂದಕ್ಕೆ ಎಳೆದರೆ ಜನ ಒಪ್ಪುವುದು ಕಷ್ಟ. ಆದ್ದರಿಂದ ಆಗಿರುವ ಅಂತರವನ್ನು ಹಾಗೆಯೇ ಬಿಟ್ಟು, ಅದು ಇನ್ನೂ ಬೆಳೆಯದಂತೆ ತಡೆಯುವ ದಾರಿ ಸೂಚಿಸಿತು. ಎಲ್ಲರ ಲೆಕ್ಕವೂ ಒಂದೇ ಆಗಲಿ ಎಂದು, ನಮ್ಮ ಗಡಿಯಾರದ ಸಮಯಕ್ಕೆ ಆಧಾರವಾದ 82.5 ಡಿಗ್ರಿ ಪೂರ್ವ ರೇಖಾಂಶವನ್ನೇ ಪಂಚಾಂಗದ ಲೆಕ್ಕಕ್ಕೂ ಆರಿಸಿತು.

ಈಗ ಉಡುಪಿಯ ಅಷ್ಟಮಿಗೆ ಬರೋಣ. ಉಳಿದೆಡೆ ಚಾಂದ್ರಮಾನ ಶ್ರಾವಣದ ಅಷ್ಟಮಿ ನೋಡುತ್ತಾರೆ. ಉಡುಪಿಯಲ್ಲಿ ಸೌರಮಾನ ಪದ್ಧತಿ. ಅಲ್ಲಿ ಸೂರ್ಯ ಸಿಂಹ ರಾಶಿಗೆ ಬಂದ ಮೇಲಿನ, ಅಂದರೆ ತುಳುವಿನ ಸೋಣ ತಿಂಗಳ ಅಷ್ಟಮಿ ಆಗಬೇಕು. 2025ರಲ್ಲಿ ಸೂರ್ಯ ಸಿಂಹ ರಾಶಿಯನ್ನು ಪ್ರವೇಶಿಸಿದ್ದು ಆಗಸ್ಟ್ 17ಕ್ಕೆ. 16ರ ಅಷ್ಟಮಿ ಒಂದೇ ದಿನದಲ್ಲಿ ತಪ್ಪಿಹೋಯಿತು! ಹಾಗಾಗಿ ಮುಂದಿನ ಕೃಷ್ಣಪಕ್ಷದವರೆಗೆ ಕಾಯಬೇಕಾಯಿತು. ಇಲ್ಲಿ ಯಾರ ಲೆಕ್ಕವೂ ತಪ್ಪಿಲ್ಲ. ಎರಡೂ ಕಡೆಯವರು ನೋಡಿದ್ದು ಅದೇ ಸೂರ್ಯ, ಅದೇ ಚಂದ್ರ. ಪದ್ಧತಿ ಮಾತ್ರ ಬೇರೆ.

ಇದನ್ನು ಚೆನ್ನಾಗಿ ನೆನಪಿಡಿ. ಸೂರ್ಯ ಎಲ್ಲಿದ್ದಾನೆ ಎಂಬುದಕ್ಕೆ ಒಂದೇ ಉತ್ತರ. ಅಳೆದರೆ ಅದು ಸಿಗುತ್ತದೆ, ತಪ್ಪಿದ್ದರೆ ತಿದ್ದಬೇಕು. ಯಾವ ದಿನ ಹಬ್ಬ ಎಂಬುದನ್ನು ಜನರ ಪದ್ಧತಿ ಹೇಳುತ್ತದೆ, ಅದನ್ನು ಕೇಳಿ ತಿಳಿಯಬೇಕು. ರಜೆಯ ಮಾಹಿತಿ ಸಿದ್ಧಪಡಿಸುವವರು ಈ ಎರಡನ್ನೂ ಬೆರೆಸಬಾರದು. ತಾರೀಖಿನ ಜೊತೆ ಯಾವ ಊರಿಗೆ ಎಂಬುದನ್ನೂ ಬರೆದಿಡಬೇಕು. ನಮ್ಮ ರಾಜ್ಯದ ರಜಾ ಪಟ್ಟಿಯಲ್ಲಿಯೂ ಹುತ್ತರಿ, ಕೈಲ್ ಮುಹೂರ್ತದ ರಜೆ ಕೊಡಗು ಜಿಲ್ಲೆಗೆ ಮಾತ್ರ.

ಅವರು ಕಾಣದ ಚೈತ್ರ

1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುತ್ತಿದ್ದಾಗ ಸಹಾ ಅವರಿಗೆ ಹೃದಯಾಘಾತವಾಯಿತು. ಅವರು ಮತ್ತೆ ಏಳಲಿಲ್ಲ. ಅವರ ಕ್ಯಾಲೆಂಡರ್ ಜಾರಿಗೆ ಬಂದದ್ದು ಒಂದು ವರ್ಷದ ನಂತರ, 1957ರ ಮಾರ್ಚ್ 22ರಂದು. ಅಂದು ಚೈತ್ರ 1, ಶಕ 1879.

ಮನೆಮನೆಯಲ್ಲಿ ಅದು ಬಳಕೆಗೆ ಬರಲಿಲ್ಲ ಎಂಬುದು ನಿಜ. ನಮ್ಮ ಹುಟ್ಟುಹಬ್ಬವನ್ನು ನಾವು ಚೈತ್ರ, ವೈಶಾಖಗಳಲ್ಲಿ ಹೇಳುವುದಿಲ್ಲ. ಆದರೂ ಭಾರತದ ರಾಜಪತ್ರದಲ್ಲಿ ಇಂದಿಗೂ ಶಕ ದಿನಾಂಕ ಇರುತ್ತದೆ. ಸಮಿತಿ ಆರಂಭಿಸಿದ ಕೆಲಸವನ್ನು ಕೋಲ್ಕತ್ತದ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ಮುಂದುವರಿಸಿದೆ. ಅದು ರಾಷ್ಟ್ರೀಯ ಪಂಚಾಂಗವನ್ನು ಹಲವು ಭಾಷೆಗಳಲ್ಲಿ ಸಿದ್ಧಪಡಿಸುತ್ತದೆ. ಹಬ್ಬಗಳ ದಿನಗಳನ್ನು ಮುಂಚಿತವಾಗಿ ಲೆಕ್ಕಹಾಕಿ, ರಜೆ ಗೊತ್ತುಮಾಡಲು ಸರ್ಕಾರಗಳಿಗೆ ಕೊಡುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಎಲ್ಲರ ಹಬ್ಬಗಳೂ ಆ ಲೆಕ್ಕದಲ್ಲಿವೆ. ಒಂದು ಕಾಲಕ್ಕೆ ಹಬ್ಬದಿಂದ ಹೊರಗೆ ನಿಲ್ಲಿಸಲಾಗಿದ್ದ ಹುಡುಗ ಹಾಕಿಕೊಟ್ಟ ಪಟ್ಟಿಯಲ್ಲಿ ಯಾರೂ ಹೊರಗಿಲ್ಲ.

ನೀವೇ ಮಾಡಿ ನೋಡಿ

1. ನಿಮ್ಮ ಶಾಲೆಯ ರಜಾ ಪಟ್ಟಿಯನ್ನು ಮೂರು ಗುಂಪು ಮಾಡಿ: ಪ್ರತಿ ವರ್ಷ ಅದೇ ತಾರೀಖಿಗೆ ಬರುವವು, ಸೂರ್ಯ ಚಂದ್ರರ ಲೆಕ್ಕದಿಂದ ಬರುವವು, ಚಂದ್ರದರ್ಶನದಿಂದ ಖಚಿತವಾಗುವವು. ಯಾವ ಗುಂಪು ದೊಡ್ಡದು?

2. ಶ್ರಾವಣ 1 ಎಂದರೆ ಜುಲೈ 23. ಹಾಗಾದರೆ ನಮ್ಮ ಸ್ವಾತಂತ್ರ್ಯ ದಿನ ಶ್ರಾವಣ ಎಷ್ಟು? (ಉತ್ತರ: ಶ್ರಾವಣ 24.)

3. ಮಾರ್ಚ್ 21ರಂದು ಒಂದು ಜಾಗದಲ್ಲಿ ನಿಂತು ಸೂರ್ಯ ಹುಟ್ಟುವ ಕಡೆಗೆ ಇರುವ ಮರವನ್ನೋ ಕಂಬವನ್ನೋ ಗುರುತು ಮಾಡಿಕೊಳ್ಳಿ. ಬಿಸುವಿನ ದಿನ ಅದೇ ಜಾಗದಲ್ಲಿ ನಿಂತು ನೋಡಿ. ಸೂರ್ಯ ಎಡಕ್ಕೆ, ಅಂದರೆ ಉತ್ತರಕ್ಕೆ ಸರಿದಿರುತ್ತಾನೆ. ಸಹಾ ಅವರ ಸಮಿತಿ ಲೆಕ್ಕಹಾಕಿದ ಆ 23 ದಿನಗಳ ಜಾರುವಿಕೆ ನಿಮ್ಮ ಕಣ್ಣಿಗೇ ಕಾಣುತ್ತದೆ. ಸೂರ್ಯ ಮೇಲೇರಿ ಪ್ರಖರವಾದ ಮೇಲೆ ಮಾತ್ರ ನೇರವಾಗಿ ನೋಡಬೇಡಿ.